ಒಂದು ಬಟ್ಟಲು ಸಾರಿಗೆ ಮಾರಿಹೋದ ನಾಳೆ

ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ, ಬೊಮ್ಮಸಂದ್ರ
ವಾಕ್ಯಭಾಗ: ಆದಿಕಾಂಡ 25:29-34, ಜ್ಞಾನೋಕ್ತಿಗಳು 25:28, 1 ಸಮುವೇಲ 25

ನೈಟ್ ಶಿಫ್ಟ್ ಮುಗಿಸಿ, ನಿದ್ದೆ ಮಾಡದೆ ನೇರವಾಗಿ ಇಲ್ಲಿಗೆ ಬಂದು ಕೂತಿರುವವರು ಇದ್ದೀರಿ, ನನಗೆ ಗೊತ್ತು. ಕಣ್ಣು ಎಳೆದರೆ ಎಳೆಯಲಿ, ನಾಚಿಕೆ ಪಡಬೇಡಿ. ದೇವರು ನಿಮ್ಮ ದಣಿವನ್ನು ನೋಡ್ತಾರೆ.

ಇವತ್ತು ನಾವು ಸತ್ಯವೇದದಲ್ಲಿ ಮೂರು ಕಡೆ ಹೋಗ್ತೀವಿ. ಮೂರೂ ಇಪ್ಪತ್ತೈದನೇ ಅಧ್ಯಾಯ. ಆದಿಕಾಂಡ 25, ಜ್ಞಾನೋಕ್ತಿ 25, ಒಂದನೇ ಸಮುವೇಲ 25. ನೆನಪಿಟ್ಟುಕೊಳ್ಳೋದು ಸುಲಭ. ಪಕ್ಕದಲ್ಲಿ ಇರುವವರಿಗೆ ಹೇಳಿ, ಮೂರು ಇಪ್ಪತ್ತೈದು ಅಂತ. ಆಮೆನ್.

ಮೊದಲನೇ ಇಪ್ಪತ್ತೈದು. ಏಸಾವನು ಅಡವಿಯಿಂದ ಬರ್ತಾನೆ. ಬೇಟೆಗಾರ, ಗಟ್ಟಿ ಆಳು. ಆದರೆ ಆ ದಿನ ದಣಿದು ಬಂದಿದ್ದಾನೆ. ಯಾಕೋಬನು ಒಲೆ ಮೇಲೆ ಕೆಂಪಗಿನ ಸಾರು ಕುದಿಸ್ತಾ ಇದ್ದಾನೆ. ಏಸಾವ ಅದರ ಹೆಸರು ಕೂಡ ಹೇಳುವುದಿಲ್ಲ, ಆ ಕೆಂಪಗಿರೋದನ್ನ ಕೊಡು ಅಂತಾನೆ. ಹೆಸರು ಹೇಳುವಷ್ಟೂ ತಾಳ್ಮೆ ಇಲ್ಲ. ಯಾಕೋಬ ಅಂತಾನೆ, ನಿನ್ನ ಚೊಚ್ಚಲತನ ನನಗೆ ಮಾರು. ಆಗ ಏಸಾವ ಏನು ಹೇಳ್ತಾನೆ? ನಾನೇ ಸಾಯ್ತಾ ಇದ್ದೀನಿ, ಚೊಚ್ಚಲತನ ಇಟ್ಕೊಂಡು ಏನು ಮಾಡಲಿ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ಆಣೆ ಇಟ್ಟ. ತಿಂದ, ಕುಡಿದ, ಎದ್ದ, ಹೋದ. ಅಷ್ಟೇ.

ಪ್ರಿಯರೇ, ಏಸಾವ ನಿಜವಾಗಿ ಸಾಯ್ತಾ ಇದ್ನಾ? ಇಲ್ಲ. ಅವನ ಅಪ್ಪ ಇಸಾಕ ಅನುಕೂಲಸ್ಥ. ಸ್ವಲ್ಪ ನಡೆದರೆ ಅಮ್ಮನ ಗುಡಾರ. ಇನ್ನೊಂದು ಗಳಿಗೆ ತಡೆದಿದ್ದರೆ ಊಟ ಸಿಗ್ತಿತ್ತು. ಆದರೆ ಅವನ ದೇಹ ಅವನಿಗೆ ಹೇಳ್ತಾ ಇತ್ತು, ನೀನು ಈಗಲೇ ಸಾಯ್ತೀಯ ಅಂತ. ಅವನು ದೇಹದ ಮಾತನ್ನು ನಂಬಿದ. ಇನ್ನೊಂದು ವಿಷಯ ಗಮನಿಸಿ. ಯಾಕೋಬನಿಗೆ ಆ ಗಳಿಗೆ ಗೊತ್ತಿತ್ತು. ಊಟ ಮುಗಿಸಿ ಕೂತಿದ್ದಾಗ ಬಂದು ಚೊಚ್ಚಲತನ ಮಾರ್ತೀಯಾ ಅಂತ ಕೇಳಿದ್ದರೆ ಏಸಾವ ಬೈದು ಕಳಿಸ್ತಿದ್ದ. ಹಸಿದ ಗಳಿಗೆ ನೋಡಿ ಕೇಳಿದ. ವ್ಯಾಪಾರ ಮಾಡುವವನಿಗೆ ಗಿರಾಕಿಯ ಗಳಿಗೆ ಗೊತ್ತಿರುತ್ತದೆ.

ಈಗ ಬೊಮ್ಮಸಂದ್ರಕ್ಕೆ ಬರೋಣ.

ಒಬ್ಬ ಸಹೋದರರು ತಮ್ಮ ವಿಷಯ ಹೇಳಬಹುದು ಅಂತ ಅನುಮತಿ ಕೊಟ್ಟಿದ್ದಾರೆ. ಹೆಸರು ಹೇಳಲ್ಲ. ನಮ್ಮ ಸಭೆಯವರಾ, ಬೇರೆ ಸಭೆಯವರಾ ಅಂತ ಯಾರೂ ಹುಡುಕಬೇಡಿ. ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ, ದಿನವೆಲ್ಲ ಭಾರ ಎತ್ತೋದು. ಬೆನ್ನು ನೋವು ಶುರುವಾಯಿತು. ರಜೆ ಹಾಕಿದರೆ ಸಂಬಳ ಇಲ್ಲ. ಜೊತೆಯವನೊಬ್ಬ ಒಂದು ಮಾತ್ರೆ ಕೊಟ್ಟ. ನೋವು ಹೋಯಿತು, ಮನಸ್ಸೂ ಹಗುರ ಆಯಿತು. ಅರ್ಧ ಮಾತ್ರೆ ಒಂದಾಯಿತು, ಒಂದು ನಾಲ್ಕಾಯಿತು, ಆಮೇಲೆ ಪೂರ್ತಿ ಪಟ್ಟಿ. ತೆಗೆದುಕೊಳ್ಳದ ದಿನ ಆಕಳಿಕೆ, ಕಣ್ಣಲ್ಲಿ ಮೂಗಲ್ಲಿ ನೀರು, ಮೈಯೆಲ್ಲ ಮುಳ್ಳು, ಮೂಳೆ ಮುರಿಯುವ ನೋವು, ಭೇದಿ. ಒಂದು ಸಾರಿ ಹನ್ನೆರಡು ದಿನ ಬಿಟ್ಟಿದ್ದರು. ಹದಿಮೂರನೇ ದಿನ ಬೆಳಿಗ್ಗೆ, ಶಿಫ್ಟ್ ಮುಗಿಸಿ ಚಂದಾಪುರದಲ್ಲಿ ಇಳಿದಾಗ, ಜೇಬಲ್ಲಿ ಮಗಳ ಶಾಲೆಯ ಫೀಸ್ ಇತ್ತು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಅವರು ನನಗೆ ಹೇಳಿದ್ದು ಇಷ್ಟು: “ಪಾಸ್ಟರ್, ಆ ಹೊತ್ತಲ್ಲಿ ಮಗಳ ಮುಖ ನೆನಪಿಗೇ ಬರಲಿಲ್ಲ. ಮಾತ್ರೆ ಒಳಗೆ ಹೋದ ಮೇಲೆ ಬಂತು.”

ಈ ಮಾತು ನನ್ನನ್ನು ಬಿಡಲಿಲ್ಲ. ಮಗಳ ಮೇಲೆ ಪ್ರೀತಿ ಇಲ್ಲದ ಮನುಷ್ಯ ಅಲ್ಲ ಅವರು. ಏಸಾವನೂ ದಡ್ಡ ಅಲ್ಲ. ಹಾಗಾದರೆ ಆ ಹತ್ತು ನಿಮಿಷದಲ್ಲಿ ಏನಾಗುತ್ತೆ?

ನಾನು ವೈದ್ಯ ಅಲ್ಲ. ಬೈಬಲ್ ಕಾಲೇಜಲ್ಲಿ ಡಿಪ್ಲೊಮಾ ಮಾಡಿದವನು, ವಾರವೆಲ್ಲ ನಿಮ್ಮ ಹಾಗೇ ಕೆಲಸಕ್ಕೆ ಹೋಗುವವನು. ಆ ಸಹೋದರರ ಜೊತೆ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಹೇಳ್ತೀನಿ. ಅಫೀಮಿನ ಜಾತಿಯ ಮದ್ದುಗಳು ಅಂತ ಒಂದು ಗುಂಪು ಇದೆ. ಹೆರಾಯಿನ್, ಮಾರ್ಫಿನ್, ಕೆಮ್ಮಿನ ಸಿರಪ್‌ನ ಕೋಡೀನ್, ನೋವಿನ ಮಾತ್ರೆಗಳಾದ ಟ್ರಮಡಾಲ್, ಟಪೆಂಟಡಾಲ್. ಟ್ರಮಡಾಲನ್ನು 2018ರಲ್ಲಿ ಸರ್ಕಾರ ಮಾದಕವಸ್ತು ಕಾನೂನಿನ ಕೆಳಗೆ ತಂದಿತು. 2020ರಲ್ಲಿ ನಮ್ಮ ನಿಮ್ಹಾನ್ಸ್ ವೈದ್ಯರೇ ಟಪೆಂಟಡಾಲ್ ಚಟಕ್ಕೆ ಬಿದ್ದವರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಇದು ಪಂಜಾಬಿನ ಸಮಸ್ಯೆ, ನಮ್ಮದಲ್ಲ ಅನ್ನಬೇಡಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಇಂಥವುಗಳನ್ನು ಬಳಸ್ತಾರೆ. ಅವರಲ್ಲಿ ಸುಮಾರು 77 ಲಕ್ಷ ಜನಕ್ಕೆ ಸಹಾಯ ಬೇಕಾಗಿದೆ.

ಈಗ ಗಮನ ಕೊಡಿ. 1998ರಲ್ಲಿ ಅಮೆರಿಕದ ಸಂಶೋಧಕರು ಹೆರಾಯಿನ್ ಚಟ ಇರುವವರಿಗೂ ಚಟ ಇಲ್ಲದವರಿಗೂ ಒಂದು ಕಥೆಯ ಮೊದಲ ಸಾಲು ಕೊಟ್ಟರು. ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ತನ್ನ ಭವಿಷ್ಯದ ಬಗ್ಗೆ ಯೋಚಿಸ್ತಾನೆ, ಮುಂದೆ ನೀವು ಹೇಳಿ ಅಂದರು. ಚಟ ಇಲ್ಲದವರು ಹೇಳಿದ ಭವಿಷ್ಯ ಸರಾಸರಿ 4.7 ವರ್ಷ ದೂರ ಇತ್ತು. ಚಟ ಇದ್ದವರದು? ಒಂಬತ್ತು ದಿನ. ಬರೀ ಒಂಬತ್ತು ದಿನ! ಪ್ರಿಯರೇ, ಇವರ ನಾಳೆ ಕುಗ್ಗಿಹೋಗಿದೆ. ಮಗಳ ಶಾಲೆ, ಊರಲ್ಲಿ ಮನೆ, ಅಪ್ಪನ ಕಣ್ಣಿನ ಆಪರೇಷನ್, ಇವೆಲ್ಲ ನಾಳೆಯ ವಿಷಯಗಳು. ನಾಳೆಯೇ ಕುಗ್ಗಿಹೋದವನಿಗೆ ಇವು ಕಾಣಿಸೋದು ಎಲ್ಲಿಂದ? ಚೊಚ್ಚಲತನ ಅಂದರೂ ನಾಳೆಯೇ. ಅಪ್ಪ ಸತ್ತ ಮೇಲೆ ಬರುವ ಪಾಲು, ತಲತಲಾಂತರಕ್ಕೆ ಬರುವ ಆಶೀರ್ವಾದ. ಸಾರು ಮಾತ್ರ ಇವತ್ತಿನದು, ಎದುರಿಗೇ ಹಬೆಯಾಡ್ತಾ ಇದೆ.

2002ರ ಇನ್ನೊಂದು ಅಧ್ಯಯನದಲ್ಲಿ ಚಿಕಿತ್ಸೆಯಲ್ಲಿದ್ದವರನ್ನು ಎರಡು ಹೊತ್ತಲ್ಲಿ ಪರೀಕ್ಷೆ ಮಾಡಿದರು. ಔಷಧ ಸಿಕ್ಕು ದೇಹ ಶಾಂತವಾಗಿದ್ದಾಗ ಒಂದು ಸಾರಿ, ಔಷಧ ಇಳಿದು ದೇಹ ಕೇಳಲು ಶುರು ಮಾಡಿದಾಗ ಒಂದು ಸಾರಿ. ಅದೇ ಮನುಷ್ಯರು. ಆದರೆ ದೇಹ ಕೇಳುವ ಹೊತ್ತಲ್ಲಿ ಮುಂದೆ ಸಿಗುವ ದೊಡ್ಡದಕ್ಕಿಂತ ಈಗ ಸಿಗುವ ಚಿಕ್ಕದರ ಕಡೆಗೆ ಇನ್ನೂ ಹೆಚ್ಚು ವಾಲಿದರು. ಅಂದರೆ ಈ ಬಲಹೀನತೆ ದಿನದ ಎಲ್ಲಾ ಹೊತ್ತಲ್ಲೂ ಒಂದೇ ಸಮ ಇರೋದಿಲ್ಲ. ಅದಕ್ಕೆ ಗಳಿಗೆ ಇದೆ. ಇತ್ತೀಚೆಗೆ ನ್ಯೂಯಾರ್ಕಿನಲ್ಲಿ ಚಿಕಿತ್ಸೆಯಲ್ಲಿದ್ದ 70 ಜನರನ್ನು ಏಳು ತಿಂಗಳವರೆಗೆ ಗಮನಿಸಿದ ಸಂಶೋಧಕರೂ ಇಂಥದ್ದನ್ನೇ ಕಂಡರು. ಮತ್ತೆ ಮದ್ದಿಗೆ ಕೈಹಾಕುವುದಕ್ಕೆ ಸ್ವಲ್ಪ ಮುಂಚೆ, ಪರಿಣಾಮ ಏನು ಅಂತ ಗೊತ್ತಿಲ್ಲದ ಅಪಾಯಕ್ಕೂ ಒಪ್ಪಿಕೊಳ್ಳುವ ಮನಸ್ಸು ಜಾಸ್ತಿಯಾಗಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, “ಏನಾಗುತ್ತೆ ಬಿಡು, ನೋಡ್ಕೊಳ್ಳೋಣ” ಅನ್ನೋ ಮನಸ್ಸು. ಮನೆಯವರೇ, ನಿಮ್ಮ ಮಗ, ನಿಮ್ಮ ಗಂಡ ಪದೇ ಪದೇ ಆ ಮಾತು ಆಡಲು ಶುರು ಮಾಡಿದರೆ, ಅದು ಬಯ್ಯುವ ಹೊತ್ತಲ್ಲ. ಹತ್ತಿರ ಹೋಗಿ ಕೂರುವ ಹೊತ್ತು.

ಎರಡನೇ ಇಪ್ಪತ್ತೈದು. ಜ್ಞಾನೋಕ್ತಿ 25ರ ಕೊನೇ ವಚನ. ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳಲಾಗದವನನ್ನು ಸೊಲೊಮೋನನು ಗೋಡೆ ಬಿದ್ದ ಊರಿಗೆ ಹೋಲಿಸ್ತಾನೆ. ಸೈನಿಕರಿಲ್ಲದ ಊರು ಅನ್ನಲಿಲ್ಲ, ಗೋಡೆ ಇಲ್ಲದ ಊರು ಅಂದ. ಗೋಡೆ ಯಾವಾಗ ಕಟ್ತಾರೆ? ಶತ್ರು ಬಾಗಿಲಿಗೆ ಬಂದಾಗ ಯಾರೂ ಕಲ್ಲು ಹೊರಲು ಹೋಗಲ್ಲ. ಶಾಂತಿ ಇರುವಾಗ ಕಟ್ಟಬೇಕು. ಆದರೆ ನಾವು ಏನು ಮಾಡ್ತೀವಿ? ಬಿದ್ದವನ ಹತ್ತಿರ ಹೋಗಿ, ನಿನಗೆ ಮನೋಬಲ ಇಲ್ಲ, ವಿಶ್ವಾಸ ಇಲ್ಲ ಅಂತೀವಿ. ಗೋಡೆ ಬಿದ್ದ ಊರಿಗೆ ಹೋಗಿ, ಯಾಕೆ ಗೋಡೆ ಇಲ್ಲ ಅಂತ ಬಯ್ದರೆ ಗೋಡೆ ಎದ್ದು ನಿಲ್ಲುತ್ತಾ? ಕಲ್ಲು ತರಬೇಕು ಪ್ರಿಯರೇ. ಕಲ್ಲು ತರಬೇಕು.

ಮೂರನೇ ಇಪ್ಪತ್ತೈದು. ಒಂದನೇ ಸಮುವೇಲ. ದಾವೀದನು ಅಡವಿಯಲ್ಲಿದ್ದಾನೆ. ಅವನ ಜನರು ನಾಬಾಲನ ಕುರಿ ಕಾಯುವವರನ್ನು ಕಾಪಾಡಿದ್ದರು. ನಾಬಾಲನ ಆಳೇ ಸಾಕ್ಷಿ ಹೇಳ್ತಾನೆ, ಅವರು ಹಗಲೂ ರಾತ್ರಿಯೂ ನಮಗೆ ಗೋಡೆ ಆಗಿದ್ದರು ಅಂತ. ಗೋಡೆ! ನೋಡಿದ್ರಾ, ಮನುಷ್ಯರು ಗೋಡೆ ಆಗಬಹುದು. ಹಲ್ಲೆಲೂಯ. ಆದರೆ ಇನ್ನೊಬ್ಬರಿಗೆ ಗೋಡೆಯಾಗಿದ್ದ ಈ ದಾವೀದನಿಗೇ ಒಂದು ಗಳಿಗೆ ಬಂತು. ನಾಬಾಲ ಅವಮಾನ ಮಾಡಿದ. ದಾವೀದ ಪ್ರಾರ್ಥನೆ ಮಾಡಲಿಲ್ಲ, ಯಾರನ್ನೂ ಕೇಳಲಿಲ್ಲ, ಕತ್ತಿ ಕಟ್ಟಿಕೊಳ್ಳಿ ಅಂದ. ನಾನೂರು ಜನರನ್ನು ಕರೆದುಕೊಂಡು ಹೊರಟ. ಬೆಳಗಾಗುವುದರೊಳಗೆ ಆ ಮನೆಯ ಗಂಡಸರನ್ನು ಒಬ್ಬರನ್ನೂ ಉಳಿಸಲ್ಲ ಅಂತ ಆಣೆ ಇಟ್ಟ. ಕೀರ್ತನೆ ಬರೆದ ದಾವೀದ! ಅಭಿಷೇಕ ಹೊಂದಿದವನು! ಅಭಿಷೇಕ ಇದ್ದವರಿಗೆ ಇಂಥ ಗಳಿಗೆ ಬರೋದಿಲ್ಲ ಅಂತ ಯಾರಾದರೂ ಹೇಳಿದರೆ, ಈ ಅಧ್ಯಾಯ ತೆಗೆದು ತೋರಿಸಿ.

ಅಬೀಗೈಲಳಿಗೆ ಸುದ್ದಿ ಬಂತು. ಅವಳು ಮನೆಯಲ್ಲಿ ಕೂತು ಅಳಲಿಲ್ಲ. ಕತ್ತೆಗಳ ಮೇಲೆ ಇನ್ನೂರು ರೊಟ್ಟಿ, ಎರಡು ತಿತ್ತಿ ದ್ರಾಕ್ಷಾರಸ, ಅಡಿಗೆಗೆ ಸಿದ್ಧ ಮಾಡಿದ ಐದು ಕುರಿ, ಹುರಿದ ಕಾಳು, ಒಣದ್ರಾಕ್ಷಿ, ಅಂಜೂರ ಹೇರಿಸಿದಳು. ಬೆಟ್ಟದ ದಾರಿಯಲ್ಲೇ ಹೋಗಿ ದಾವೀದನಿಗೆ ಎದುರಾದಳು. ಮೊದಲು ರೊಟ್ಟಿ ಕಳಿಸಿದಳು, ಆಮೇಲೆ ಮಾತಾಡಿದಳು. ಏನು ಮಾತಾಡಿದಳು? ನೀನು ಕೆಟ್ಟವನು ಅನ್ನಲಿಲ್ಲ. ನಾಳೆಯ ವಿಷಯ ಮಾತಾಡಿದಳು! ಕರ್ತನು ನಿನ್ನ ಮನೆಯನ್ನು ಸ್ಥಿರ ಮಾಡ್ತಾನೆ, ನೀನು ಅರಸನಾಗುವ ದಿನ ಬರುತ್ತದೆ, ಆ ದಿನ ಈ ರಕ್ತದ ನೆನಪು ನಿನ್ನ ಮನಸ್ಸನ್ನು ಚುಚ್ಚಬಾರದು ಅಂದಳು. ದಾವೀದನ ಕಣ್ಣಿಂದ ಮರೆಯಾಗಿದ್ದ ನಾಳೆಯನ್ನು ಅವಳು ತನ್ನ ಕೈಯಲ್ಲಿ ಹಿಡಿದು ತಂದು ತೋರಿಸಿದಳು. ದಾವೀದ ತಡೆದು ನಿಂತ. ನನ್ನನ್ನು ತಡೆಯಲು ನಿನ್ನನ್ನು ಕಳಿಸಿದ ದೇವರಿಗೆ ಸ್ತೋತ್ರ ಅಂದ.

ಏಸಾವನಿಗೂ ದಾವೀದನಿಗೂ ಏನು ವ್ಯತ್ಯಾಸ? ಇಬ್ಬರಿಗೂ ಗಳಿಗೆ ಬಂತು. ಇಬ್ಬರೂ ಆಣೆ ಇಟ್ಟರು. ಏಸಾವನ ದಾರಿಯಲ್ಲಿ ಸಿಕ್ಕವನು ಅವನ ಹಸಿವಿನಿಂದ ಲಾಭ ಮಾಡಿಕೊಂಡ. ದಾವೀದನ ದಾರಿಯಲ್ಲಿ ಸಿಕ್ಕವಳು ರೊಟ್ಟಿ ತಂದಳು. ಸಭೆಯೇ, ನೀನು ಯಾರು? ಯಾಕೋಬನಾ, ಅಬೀಗೈಲಳಾ?

ಹಾಗಾದರೆ ನಾವು ಏನು ಮಾಡಬೇಕು? ನಾಲ್ಕು ಮಾತು ಹೇಳ್ತೀನಿ, ಬರೆದುಕೊಳ್ಳುವವರು ಬರೆದುಕೊಳ್ಳಿ.

ಒಂದು. ತೀರ್ಮಾನಗಳನ್ನು ಹೊಟ್ಟೆ ತುಂಬಿದ ಗಳಿಗೆಯಲ್ಲಿ ಮಾಡಿ. ಚಟದಿಂದ ಹೊರಬರುತ್ತಿರುವ ಸಹೋದರನೇ, ಸಂಬಳದ ದಿನ ಬಂದಾಗ ನೋಡೋಣ ಅನ್ನಬೇಡ. ಮನಸ್ಸು ಶಾಂತವಾಗಿರುವ ಇವತ್ತೇ ಕಾರ್ಡನ್ನು ನಿನ್ನ ಹೆಂಡತಿಗೋ ಅಣ್ಣನಿಗೋ ಕೊಡು. ಫೋನಿನಲ್ಲಿ ದುಡ್ಡು ಕಳಿಸುವ ಮಿತಿಯನ್ನು ಕಮ್ಮಿ ಮಾಡಿಸು. ಮಾರುವವನ ನಂಬರ್ ಅಳಿಸಿಹಾಕು. ಆ ಅಂಗಡಿ ಇರುವ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗು. ಇದು ಹೇಡಿತನ ಅಲ್ಲ, ಗೋಡೆ ಕಟ್ಟೋದು. ಯೋಸೇಫನು ಪೋಟೀಫರನ ಹೆಂಡತಿಯ ಮುಂದೆ ನಿಂತು ವಾದ ಮಾಡಲಿಲ್ಲ, ಬಟ್ಟೆ ಬಿಟ್ಟು ಓಡಿದ.

ಎರಡು. ಗಳಿಗೆ ಬಂದಾಗ ಒಬ್ಬನೇ ಇರಬೇಡ. ಆ ಅಲೆ ಏರುತ್ತದೆ, ಇಳಿಯುತ್ತದೆ. ಏರಿದಾಗ ಪಕ್ಕದಲ್ಲಿ ಒಬ್ಬರು ಬೇಕು. ಹೆಬ್ಬಗೋಡಿಯಿಂದ ಅತ್ತಿಬೆಲೆವರೆಗೆ ನಮ್ಮ ಹುಡುಗರು ಪಿಜಿಗಳಲ್ಲಿ, ಶೀಟ್ ಮನೆಗಳಲ್ಲಿ ಇದ್ದಾರೆ. ರಾಯಚೂರಿಂದ, ಕಲಬುರಗಿಯಿಂದ, ಧರ್ಮಪುರಿಯಿಂದ ಬಂದವರು. ಶಿಫ್ಟ್ ಬಿಡುವ ಹೊತ್ತಿಗೆ ದಣಿವು, ಹಸಿವು, ಒಂಟಿತನ ಮೂರೂ ಒಟ್ಟಿಗೆ ಇರುತ್ತೆ. ಹಾಗಾಗಿ ಈ ವಾರದಿಂದ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ, ಜೊತೆಗೆ ತಿಂಡಿ ತಿಂದು, ಮನೆವರೆಗೆ ಬಿಟ್ಟು ಬರುವ ಸಹೋದರರು ನನಗೆ ಬೇಕು. ಪ್ರಸಂಗ ಮಾಡುವವರು ಬೇಡ. ಇಡ್ಲಿ ಕೊಡಿಸುವವರು ಬೇಕು. ಆಮೆನ್ ಅನ್ನೋದು ಸುಲಭ, ಬೆಳಿಗ್ಗೆ ಆರು ಗಂಟೆಗೆ ಏಳೋದು ಕಷ್ಟ. ಆರಾಧನೆ ಮುಗಿದ ಮೇಲೆ ಹೆಸರು ಕೊಡಿ.

ಮೂರು. ಇದನ್ನು ಬಹಳ ಗಂಭೀರವಾಗಿ ಹೇಳ್ತಾ ಇದ್ದೀನಿ. ಆತುರದ ಕೆಟ್ಟ ತೀರ್ಮಾನ ಇರುವ ಹಾಗೆ ಆತುರದ ಒಳ್ಳೇ ತೀರ್ಮಾನವೂ ಇರುತ್ತದೆ. ನಾನು ಬಿಡುಗಡೆಯನ್ನು ನಂಬುವವನು. ಪವಿತ್ರಾತ್ಮನ ಶಕ್ತಿಯನ್ನು ನಂಬುವವನು. ಆದರೆ ನಾನು ಹೇಳಿದ ಆ ಸಹೋದರರಿಗೆ, ಒಂದು ಮನೆ ಪ್ರಾರ್ಥನೆಯಲ್ಲಿ ಯಾರೋ ಹೇಳಿದ್ದಾರೆ, ಆಸ್ಪತ್ರೆಯವರು ಕೊಟ್ಟ ಮಾತ್ರೆ ತೆಗೆದುಕೊಳ್ಳೋದು ಅವಿಶ್ವಾಸ, ಈ ರಾತ್ರಿಯೇ ಬಿಸಾಡು ಅಂತ. ಪ್ರಿಯರೇ, ಹೀಗೆ ಹೇಳಬೇಡಿ. ಯೇಸುವಿನ ನಾಮದಲ್ಲಿ ಬೇಡಿಕೊಳ್ತೀನಿ, ಹೇಳಬೇಡಿ. ಬ್ಯುಪ್ರೆನಾರ್ಫಿನ್ ಅನ್ನೋ ಔಷಧ ದೇಹದ ಆ ಕೂಗನ್ನು ಶಾಂತ ಮಾಡುತ್ತೆ. ವೈದ್ಯರ ಉಸ್ತುವಾರಿಯಲ್ಲಿ ಕೊಡ್ತಾರೆ. ಅದನ್ನು ಒಂದೇ ದಿನದಲ್ಲಿ ಬಿಸಾಡಿದರೆ ಏಸಾವನ ಗಳಿಗೆ ಮತ್ತೆ ಬರುತ್ತೆ. ಬಿಟ್ಟ ಕೆಲವು ದಿನ, ವಾರಗಳಲ್ಲಿ ದೇಹ ಹಳೆಯ ಪ್ರಮಾಣವನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತೆ. ಆಗ ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಂತುಹೋಗುತ್ತೆ. ಆವೇಶದ ಒಂದು ಮಾತಿಂದ ಒಂದು ಹೆಣ ಬೀಳಬಹುದು.

ಹಿಜ್ಕೀಯನನ್ನು ನೆನಪು ಮಾಡಿಕೊಳ್ಳಿ, ಯೆಶಾಯ 38. ಅರಸ ಅತ್ತು ಪ್ರಾರ್ಥಿಸಿದ. ದೇವರು ಕೇಳಿದರು, ಹದಿನೈದು ವರ್ಷ ಆಯುಷ್ಯ ಕೊಟ್ಟರು. ಅಷ್ಟಾದ ಮೇಲೂ ಯೆಶಾಯನು ಅಂಜೂರದ ಉಂಡೆ ತಂದು ಹುಣ್ಣಿಗೆ ಕಟ್ಟಿ ಅಂದ. ದೇವರ ವಾಗ್ದಾನ ಸಿಕ್ಕ ಮೇಲೆ ಮದ್ದು ಯಾಕೆ? ಮದ್ದೂ ಅದೇ ದೇವರದ್ದು. ಪಂಚಾಶತ್ತಮ ದಿನದಲ್ಲಿ ಆತ್ಮನು ಫಕ್ಕನೆ ಇಳಿದು ಬಂದದ್ದು ನಿಜ. ಆದರೆ ಅದೇ ಆತ್ಮನ ವಿಷಯ ಗಲಾತ್ಯ 5ರಲ್ಲಿ ಪೌಲನು ಬರೆಯುವಾಗ ಶಮೆದಮೆಯನ್ನು ಫಲ ಅಂತ ಕರೀತಾನೆ. ಹಣ್ಣು ಪಟಾಕಿ ಅಲ್ಲ. ಹೂವು, ಕಾಯಿ, ಆಮೇಲೆ ಹಣ್ಣು. ಕಾಯಿಯನ್ನು ನೋಡಿ, ಇನ್ನೂ ಯಾಕೆ ಸಿಹಿ ಇಲ್ಲ ಅಂತ ಕಿತ್ತು ಬಿಸಾಡಬೇಡಿ.

ನಾಲ್ಕು. ಸಹಾಯ ಎಲ್ಲಿದೆ ಅಂತ ತಿಳಿದುಕೊಳ್ಳಿ. ನಮ್ಮ ಹೊಸೂರು ರಸ್ತೆಯಲ್ಲೇ ಬೆಂಗಳೂರಿನ ಕಡೆಗೆ ಹೋದರೆ ನಿಮ್ಹಾನ್ಸ್ ಸಿಗುತ್ತೆ. ಅಲ್ಲಿ ವ್ಯಸನ ಚಿಕಿತ್ಸೆಗೆ ಅಂತಲೇ ವಿಭಾಗ ಇದೆ. ಚಟ ಬಿಡಿಸಲು ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಯಾವ ಕಷ್ಟಕ್ಕಾದರೂ ಟೆಲಿ-ಮಾನಸ್ 14416, ಕನ್ನಡದಲ್ಲೂ ಮಾತಾಡ್ತಾರೆ. ಯಾರಾದರೂ ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾಗಿದ್ದರೆ, ಮಲಗಿ ಎದ್ದರೆ ಸರಿಹೋಗ್ತಾನೆ ಅಂತ ಬಿಡಬೇಡಿ. ಮಗ್ಗುಲಾಗಿ ಮಲಗಿಸಿ, ತಕ್ಷಣ 108ಕ್ಕೆ ಫೋನ್ ಮಾಡಿ, ಏನು ತೆಗೆದುಕೊಂಡಿದ್ದಾನೆ ಅಂತ ಮುಚ್ಚಿಡದೆ ಹೇಳಿ. ಮರ್ಯಾದೆಗಿಂತ ಉಸಿರು ದೊಡ್ಡದು.

ಕೊನೆಯದಾಗಿ ಒಂದು ಮಾತು. ಇಬ್ರಿಯರಿಗೆ 12ನ್ನು ಓದಿ ಎದೆ ಒಡೆದುಕೊಂಡವರು ಇದ್ದೀರಿ. ಏಸಾವ ಆಮೇಲೆ ಅತ್ತರೂ ಆಶೀರ್ವಾದ ಸಿಗಲಿಲ್ಲ, ನನಗೂ ಅಷ್ಟೇ ಅಂದುಕೊಳ್ತೀರಿ. ಆ ವಾಕ್ಯ ಎಚ್ಚರಿಕೆ, ನಿಜ. ಕಳೆದುಕೊಂಡ ಕೆಲವು ವಾಪಸ್ ಬರೋದಿಲ್ಲ. ಆ ವರ್ಷ, ಆ ಫೀಸು, ಆ ಕೆಲಸ ಬರದೇ ಇರಬಹುದು. ಆದರೆ ಏಸಾವನ ಕಥೆ 25ನೇ ಅಧ್ಯಾಯದಲ್ಲಿ ಮುಗಿಯೋದಿಲ್ಲ. ಆದಿಕಾಂಡ 33ಕ್ಕೆ ಹೋಗಿ. ವರ್ಷಗಳಾದ ಮೇಲೆ ಯಾಕೋಬ ಹೆದರಿ ಹೆದರಿ ಬರ್ತಾನೆ. ಏಸಾವ ಎದುರಿಗೆ ಓಡಿ ಬಂದು ತಬ್ಬಿಕೊಳ್ತಾನೆ, ಇಬ್ಬರೂ ಅಳ್ತಾರೆ. ಯಾಕೋಬ ಕೊಟ್ಟ ಕಾಣಿಕೆ ನೋಡಿ, ನನಗೆ ಬೇಕಾದಷ್ಟು ಇದೆ ತಮ್ಮಾ, ನಿನ್ನದು ನಿನಗೇ ಇರಲಿ ಅನ್ನೋ ಹಾಗೆ ಮಾತಾಡ್ತಾನೆ. ಒಂದು ಬಟ್ಟಲು ಸಾರಿಗೆ ಎಲ್ಲವನ್ನೂ ಮಾರಿದ ಅದೇ ಬಾಯಿ, ನನಗೆ ಸಾಕಷ್ಟಿದೆ ಅನ್ನುತ್ತೆ! ಅದು ಒಂದೇ ರಾತ್ರಿಯಲ್ಲಿ ಆಗಲಿಲ್ಲ. ಆದರೆ ಆಯಿತು. ನಿನಗೂ ಆಗುತ್ತೆ.

ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ನಾಳೆ ಕಾಣಿಸದೆ ಕೂತಿರುವ ನಿಮ್ಮ ಮಕ್ಕಳನ್ನು ನೋಡಿ ಸ್ವಾಮಿ. ಅವರ ಗಳಿಗೆ ಬಂದಾಗ ದಾರಿಯಲ್ಲಿ ಒಬ್ಬ ಅಬೀಗೈಲಳನ್ನು ನಿಲ್ಲಿಸಿ. ನಮ್ಮ ಕೈಯಲ್ಲಿ ರೊಟ್ಟಿ ಕೊಡಿ, ಬಾಯಲ್ಲಿ ಮೃದುವಾದ ಮಾತು ಕೊಡಿ. ಆಸ್ಪತ್ರೆಯ ವೈದ್ಯರನ್ನು, ನರ್ಸ್‌ಗಳನ್ನು ಆಶೀರ್ವದಿಸಿ. ಬಾಗಿಲ ಹತ್ತಿರ ಎಚ್ಚರವಾಗಿ ಕಾಯುವ ತಾಯಂದಿರ, ಹೆಂಡತಿಯರ ಕಣ್ಣೀರು ಒರೆಸಿ. ಬಿದ್ದ ಗೋಡೆಗಳನ್ನು ಕಟ್ಟಲು ನಮ್ಮನ್ನೇ ಕಲ್ಲುಗಳಾಗಿ ಉಪಯೋಗಿಸಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡಿಕೊಳ್ತೇವೆ ತಂದೆಯೇ. ಆಮೆನ್, ಆಮೆನ್.

ಗೇಟಿನ ಕೆಲಸಕ್ಕೆ ಹೆಸರು ಕೊಡುವವರು ಮುಂದೆ ಬನ್ನಿ.